ಟ್ರೇಲರಿನ ತಳಹಾಸು

ಟ್ರೇಲರಿನ ತಳಹಾಸು ಎಂಬುದು ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಎಳೆಯುವ ಸರಕು ಬಂಡಿಯ ಚೌಕಟ್ಟಿನ ಮೇಲೆ ಹೊದಿಸುವ, ಸರಕಿನ ಭಾರವನ್ನು ನೇರವಾಗಿ ಹೊರುವ ನೆಲಭಾಗವಾಗಿದೆ. ಮರದ ಹಲಗೆ, ಉಕ್ಕಿನ ತಗಡು, ಉಬ್ಬುಗೆರೆಯ ಚೆಕರ್ಡ್ ಪ್ಲೇಟ್ ಮತ್ತು ಪ್ಲೈವುಡ್ ಇದಕ್ಕೆ ಬಳಕೆಯಾಗುವ ಮುಖ್ಯ ವಸ್ತುಗಳು. ಕರ್ನಾಟಕದ ಹಾವೇರಿ ಜಿಲ್ಲೆಯ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳಂತಹ ಕೃಷಿಪ್ರದೇಶಗಳಲ್ಲಿ ಕಾರ್ಖಾನೆಯಲ್ಲಿ ತಯಾರಾದ ಟ್ರೇಲರುಗಳ ಜೊತೆಗೆ ಊರಿನ ವೆಲ್ಡಿಂಗ್ ಅಂಗಡಿಗಳಲ್ಲಿ ರೈತರ ಅಪೇಕ್ಷೆಯಂತೆ ಕಟ್ಟಿದ ಟ್ರೇಲರುಗಳೂ ಇವೆ. ಹೀಗೆ ಕಟ್ಟಿಸುವಾಗ ಮತ್ತು ಹಳೆಯ ಟ್ರೇಲರನ್ನು ದುರಸ್ತಿ ಮಾಡಿಸುವಾಗ ತಳಹಾಸಿನ ಆಯ್ಕೆಯು ಮಾಲೀಕನ ಪಾಲಿಗೆ ಬರುತ್ತದೆ. ತಳಹಾಸಿನ ಬಾಳಿಕೆ, ಸಾಗಿಸುವ ಬೆಳೆಯ ಗುಣಮಟ್ಟ ಮತ್ತು ಟ್ರೇಲರಿನ ಮೇಲೆ ನಿಂತು ದುಡಿಯುವವರ ಸುರಕ್ಷತೆ ಈ ಆಯ್ಕೆಯನ್ನು ಅವಲಂಬಿಸಿವೆ.

## ಹಿನ್ನೆಲೆ

ಟ್ರ್ಯಾಕ್ಟರ್ ಬರುವುದಕ್ಕೆ ಮೊದಲು ಈ ಭಾಗದ ಸರಕು ಸಾಗಣೆಯು ಎತ್ತಿನ ಚಕ್ಕಡಿಯನ್ನು ಅವಲಂಬಿಸಿತ್ತು. ಚಕ್ಕಡಿಯ ಗಾಲಿ, ಅಚ್ಚು, ನೊಗ ಮತ್ತು ತಳದ ಹಲಗೆಗಳನ್ನು ಬಡಿಗರು ಮಾಡುತ್ತಿದ್ದರು. ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಮ್ಮಾರರು ತೊಡಿಸುತ್ತಿದ್ದರು. ಗಾಲಿಯ ಭಾಗಗಳಿಗೆ ಗಟ್ಟಿಯಾದ ಜಾಲಿ ಮರವೂ, ಹಲಗೆಗಳಿಗೆ ಸಾಗವಾನಿ, ಮತ್ತಿ, ಹೊನ್ನೆ ಮುಂತಾದ ಮರಗಳೂ ಒದಗುತ್ತಿದ್ದವು. ರಬ್ಬರ್ ಟೈರಿನ ಗಾಡಿಗಳು ಮತ್ತು ಅನಂತರ ಟ್ರ್ಯಾಕ್ಟರುಗಳು ಬಂದಂತೆ ಹೊರೆಯ ಪ್ರಮಾಣ ಹೆಚ್ಚಿತು. ಚೌಕಟ್ಟು ಉಕ್ಕಿನ ಚಾನೆಲ್ ಮತ್ತು ಆ್ಯಂಗಲ್‌ಗಳದ್ದಾಯಿತು. ತಳಹಾಸಿನಲ್ಲಿ ಮಾತ್ರ ಮರ ಮತ್ತು ಉಕ್ಕು ಎರಡೂ ಉಳಿದುಕೊಂಡವು.

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗವು ಹಾವೇರಿ, ಬ್ಯಾಡಗಿ ಮತ್ತು ರಾಣೆಬೆನ್ನೂರುಗಳನ್ನು ಜೋಡಿಸುತ್ತದೆ. ರಾಷ್ಟ್ರೀಯ ಹೆದ್ದಾರಿ 48 ಈ ಭಾಗದ ಮೂಲಕವೇ ಹಾದುಹೋಗುತ್ತದೆ. ಆದರೂ ಹೊಲದಿಂದ ಮಾರುಕಟ್ಟೆಯವರೆಗಿನ ದಾರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಪಾತ್ರ ದೊಡ್ಡದು.

## ಸರಕು ಮತ್ತು ತಳಹಾಸಿನ ಸಂಬಂಧ

ತಳಹಾಸಿಗೆ ಯಾವ ವಸ್ತು ಉತ್ತಮ ಎಂಬ ಪ್ರಶ್ನೆಗೆ ಎಲ್ಲ ಟ್ರೇಲರುಗಳಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ವರ್ಷದ ಹೆಚ್ಚಿನ ದಿನಗಳಲ್ಲಿ ಯಾವ ಸರಕನ್ನು ಹೇರಲಾಗುತ್ತದೆ ಮತ್ತು ತಳದ ಕೆಳಗಿನ ಅಡ್ಡಪಟ್ಟಿಗಳು ಎಷ್ಟು ಅಂತರದಲ್ಲಿವೆ ಎಂಬ ಎರಡು ಸಂಗತಿಗಳು ಆಯ್ಕೆಯನ್ನು ನಿರ್ಧರಿಸುತ್ತವೆ.

### ಒಣಮೆಣಸಿನಕಾಯಿ

ಬ್ಯಾಡಗಿಯು ಒಣಮೆಣಸಿನಕಾಯಿಯ ದೊಡ್ಡ ಮಾರುಕಟ್ಟೆಯಾಗಿದೆ. ಖಾರ ಕಡಿಮೆ ಮತ್ತು ಬಣ್ಣ ಹೆಚ್ಚು ಇರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಈ ಸರಕು ಹಗುರ, ಆದರೆ ಗಾತ್ರದಲ್ಲಿ ದೊಡ್ಡದು. ಟ್ರೇಲರಿನ ಭಾರಮಿತಿ ಮುಟ್ಟುವ ಮೊದಲೇ ಅದರ ಜಾಗ ತುಂಬುತ್ತದೆ. ಆದ್ದರಿಂದ ಮೆಣಸಿನಕಾಯಿಗೆ ತಳಹಾಸಿನ ಬಲಕ್ಕಿಂತ ಅದರ ಶುಚಿತ್ವ ಮತ್ತು ಒಣಗಿರುವಿಕೆ ಮುಖ್ಯ. ತೇವ ತಗುಲಿದ ಕಾಯಿಯ ಬಣ್ಣ ಕೆಡುತ್ತದೆ. ಬೂಷ್ಟು ಬೆಳೆದರೆ ಅಫ್ಲಟಾಕ್ಸಿನ್ ಎಂಬ ವಿಷವಸ್ತು ಉಂಟಾಗುವ ಅಪಾಯವಿದೆ. ರಾತ್ರಿಯಿಡೀ ಬಯಲಿನಲ್ಲಿ ನಿಂತ ಟ್ರೇಲರಿನ ಉಕ್ಕಿನ ತಗಡು ಬೇಗ ತಣಿಯುವುದರಿಂದ ಅದರ ಮೇಲೆ ಇಬ್ಬನಿ ಕಟ್ಟುತ್ತದೆ. ನೀರು ಹರಿದುಹೋಗಲು ದಾರಿಯಿಲ್ಲದಿದ್ದರೆ ಅಡಿಯ ಸಾಲಿನ ಚೀಲಗಳು ಅದನ್ನು ಹೀರಿಕೊಳ್ಳುತ್ತವೆ.

### ಗೋವಿನಜೋಳ, ಹತ್ತಿ ಮತ್ತು ಬಿತ್ತನೆ ಬೀಜ

ಗೋವಿನಜೋಳವನ್ನು ಬಿಡಿಯಾಗಿ ಹೇರುವುದುಂಟು. ಹಲಗೆಗಳ ನಡುವಿನ ಸಂದಿಯಿಂದ ಕಾಳು ಸೋರಿಹೋಗುವುದರಿಂದ ಮರದ ತಳವಿದ್ದರೆ ತಾಡಪತ್ರಿ ಹಾಸುವುದು ಅನಿವಾರ್ಯ. ಹತ್ತಿಗೆ ತುಕ್ಕಿನ ಕಲೆ ಹತ್ತಿದರೆ ಅದರ ದರ್ಜೆ ಇಳಿಯುತ್ತದೆ. ರಾಣೆಬೆನ್ನೂರು ಭಾಗವು ಬೀಜೋತ್ಪಾದನೆಗೂ ಹೆಸರಾಗಿದೆ. ಬಿಸಿಲಿಗೆ ಕಾದ ತಗಡಿನ ಮೇಲೆ ಬಹಳ ಹೊತ್ತು ಇರಿಸಿದ ಬೀಜದ ಮೊಳಕೆಯ ಶಕ್ತಿ ಕುಂದಬಹುದು. ಶಾಖದ ಜೊತೆಗೆ ತೇವವೂ ಸೇರಿದರೆ ಹಾನಿ ಇನ್ನೂ ಹೆಚ್ಚು. ಮರವು ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ಇಂಥ ಸರಕಿಗೆ ಅನುಕೂಲಕರ.

### ಮರಳು, ಕಲ್ಲು ಮತ್ತು ಗೊಬ್ಬರ

ಕಟ್ಟಡ ಸಾಮಗ್ರಿಗಳ ಹೊರೆಯು ಬೇರೆಯದೇ ಸ್ವರೂಪದ್ದು. 3 ಮೀಟರ್ ಉದ್ದ, 1.8 ಮೀಟರ್ ಅಗಲದ ತಳದ ಮೇಲೆ ಕೇವಲ 30 ಸೆಂ.ಮೀ. ಎತ್ತರಕ್ಕೆ ಹಸಿ ಮರಳು ಹೇರಿದರೂ ಅದರ ತೂಕ ಸುಮಾರು 2.7 ಟನ್ನಿನಷ್ಟಾಗುತ್ತದೆ. ಕಲ್ಲಿನ ಹೇರಿನಲ್ಲಿ ತೂಕಕ್ಕಿಂತ ಎತ್ತಿ ಹಾಕುವಾಗಿನ ಪೆಟ್ಟು ಹೆಚ್ಚು ಹಾನಿಕರ: ತೆಳು ತಗಡು ತಗ್ಗು ಬೀಳುತ್ತದೆ, ಹಲಗೆ ಸೀಳುತ್ತದೆ, ಪ್ಲೈವುಡ್ಡಿನ ಮೇಲುಪದರ ಹರಿಯುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ತೇವದ ಜೊತೆಗೆ ಲವಣಾಂಶವೂ ಇರುತ್ತದೆ. ರಾಸಾಯನಿಕ ಗೊಬ್ಬರದ ಚೀಲಗಳಿಂದ ಉದುರಿದ ಪುಡಿಯು ಗಾಳಿಯ ತೇವವನ್ನು ಹೀರಿ ಉಕ್ಕನ್ನು ವೇಗವಾಗಿ ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ತಳವನ್ನು ತೊಳೆಯದೆ ಬಿಟ್ಟರೆ ತಗಡಿನ ಆಯುಷ್ಯ ಕಡಿಮೆಯಾಗುತ್ತದೆ.

## ತಳಹಾಸಿನ ವಸ್ತುಗಳು

### ಮರದ ಹಲಗೆ

ಸಾಗವಾನಿಯು ಗೆದ್ದಲನ್ನೂ ಕೊಳೆಯುವಿಕೆಯನ್ನೂ ತಡೆಯುತ್ತದೆ, ಬಿಸಿಲು ಮಳೆಗೆ ಹೆಚ್ಚು ಸೊಟ್ಟಗಾಗುವುದಿಲ್ಲ. ಬೆಲೆ ಮಾತ್ರ ಅಧಿಕ. ಮತ್ತಿಯು ಸಾಗವಾನಿಗಿಂತ ಭಾರವಾದ, ಪೆಟ್ಟು ತಡೆಯುವ ಮರ. ಹೊನ್ನೆಯೂ ಬಾಳಿಕೆ ಬರುತ್ತದೆ. ಜಾಲಿ ಗಟ್ಟಿಯಾದರೂ ಉದ್ದನೆಯ ನೇರ ಹಲಗೆಗಳು ಸಿಗುವುದು ಕಷ್ಟ. ನೀಲಗಿರಿ ಅಗ್ಗವಾದರೂ ಒಣಗುವಾಗ ತಿರುಚಿಕೊಳ್ಳುವ ಮತ್ತು ಸೀಳುವ ಗುಣವುಳ್ಳದ್ದು. ಮಾವಿನ ಹಲಗೆಗೆ ಹುಳು ಮತ್ತು ಕೊಳೆ ಬೇಗ ಹತ್ತುತ್ತವೆ. ತೆರೆದ ತಳಕ್ಕೆ ಅದು ಯೋಗ್ಯವಲ್ಲ. ಯಾವ ಜಾತಿಯ ಮರವಾದರೂ ತಿರುಳಿನ ಭಾಗವು ಬಾಳುತ್ತದೆ. ಹೊರಗಿನ ಬಿಳಿಭಾಗವು ಬೇಗ ಕೆಡುತ್ತದೆ.

ಹಸಿ ಹಲಗೆಯನ್ನು ಬಿಗಿಯಾಗಿ ಜೋಡಿಸಿದರೆ ಒಣಗಿದ ಮೇಲೆ ಸಂದಿಗಳು ಅಗಲವಾಗುತ್ತವೆ. ಪೂರ್ಣ ಒಣಗಿದ ಹಲಗೆಯನ್ನು ಸಂದಿಯಿಲ್ಲದೆ ಕೂರಿಸಿದರೆ ಮಳೆಗಾಲದಲ್ಲಿ ಉಬ್ಬಿ ಮೇಲೇಳುತ್ತದೆ. ಒಣಗಿದ ಹಲಗೆಗಳ ನಡುವೆ 5–6 ಮಿ.ಮೀ. ಅಂತರ ಬಿಡುವುದರಿಂದ ಉಬ್ಬಲು ಜಾಗವೂ ನೀರು ಇಳಿಯಲು ದಾರಿಯೂ ದೊರೆಯುತ್ತವೆ. ಮೊಳೆಗಿಂತ ಬೋಲ್ಟ್ ಉತ್ತಮ. ಕುಲುಕಾಟಕ್ಕೆ ಮೊಳೆ ಸಡಿಲವಾಗಿ ಮೇಲೆ ಬಂದು ಚೀಲವನ್ನು ಹರಿಯುತ್ತದೆ. ಬೋಲ್ಟಿನ ತಲೆಯು ಹಲಗೆಯ ಮಟ್ಟಕ್ಕೆ ಮುಳುಗಿರಬೇಕು, ಇಲ್ಲವಾದರೆ ಸಲಿಕೆ ಅದಕ್ಕೆ ತಾಗುತ್ತದೆ.

ಮರದ ದೊಡ್ಡ ಅನುಕೂಲವೆಂದರೆ ಕೆಟ್ಟ ಹಲಗೆಯೊಂದನ್ನೇ ತೆಗೆದು ಬದಲಿಸಬಹುದು, ವೆಲ್ಡಿಂಗ್ ಬೇಕಾಗುವುದಿಲ್ಲ. ಮರವನ್ನು ಕೊಳ್ಳುವಾಗ ಅಧಿಕೃತ ರಸೀದಿ ಪಡೆಯುವುದು ಅಗತ್ಯ. ಮರ ಕಡಿಯುವುದು ಮತ್ತು ಸಾಗಿಸುವುದು ಕರ್ನಾಟಕ ಅರಣ್ಯ ಅಧಿನಿಯಮ, 1963 ಹಾಗೂ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ನಿಯಮಗಳಿಗೆ ಒಳಪಟ್ಟಿದೆ.

### ಉಕ್ಕಿನ ತಗಡು ಮತ್ತು ಚೆಕರ್ಡ್ ಪ್ಲೇಟ್

ಆಡುಮಾತಿನಲ್ಲಿ ‘ಎಂ.ಎಸ್. ಶೀಟ್’ ಎನ್ನಿಸಿಕೊಳ್ಳುವ ಮೆದು ಉಕ್ಕಿನ ತಗಡು ಪೆಟ್ಟನ್ನು ತಾಳುತ್ತದೆ, ಬಿಡಿ ಕಾಳನ್ನು ಸೋರಲು ಬಿಡುವುದಿಲ್ಲ, ಸಲಿಕೆಯಿಂದ ಎಳೆಯಲು ನುಣುಪಾಗಿರುತ್ತದೆ. ಹೈಡ್ರಾಲಿಕ್ ಜ್ಯಾಕಿನಿಂದ ತಳವನ್ನೆತ್ತಿ ಸರಕು ಸುರಿಯುವ ಟ್ರೇಲರಿಗೆ ನುಣುಪಾದ ತಗಡೇ ಸೂಕ್ತ. ಹಲಗೆಯ ಸಂದಿಗಳಲ್ಲಿ ಮರಳು, ಜಲ್ಲಿ ಸಿಕ್ಕಿಕೊಂಡು ಜಾರುವಿಕೆಗೆ ಅಡ್ಡಿಯಾಗುತ್ತದೆ.

ಚೆಕರ್ಡ್ ಪ್ಲೇಟಿನ ಉಬ್ಬುಗೆರೆಗಳು ಕಾಲು ಜಾರದಂತೆ ಹಿಡಿತ ಕೊಡುತ್ತವೆ. ಚೀಲ ಹೊತ್ತ ಹಮಾಲರು ಹತ್ತಿಳಿಯುವ ಟ್ರೇಲರಿಗೆ ಇದು ಉಪಯುಕ್ತ. ಆದರೆ ಗೆರೆಗಳ ನಡುವೆ ಮಣ್ಣು ಮತ್ತು ಗೊಬ್ಬರದ ಪುಡಿ ಉಳಿಯುವುದರಿಂದ ತೊಳೆಯುವ ಶ್ರಮ ಹೆಚ್ಚು. ಭಾರತೀಯ ಮಾನಕಗಳಲ್ಲಿ ಉಕ್ಕಿನ ಚೆಕರ್ಡ್ ಪ್ಲೇಟಿಗೆ ಐಎಸ್ 3502, ರಚನಾ ಉಕ್ಕಿಗೆ ಐಎಸ್ 2062 ಅನ್ವಯವಾಗುತ್ತವೆ.

ತಗಡಿನ ದಪ್ಪವನ್ನು ಅಂಗಡಿಗಳಲ್ಲಿ ಗೇಜಿನ ಲೆಕ್ಕದಲ್ಲಿ ಹೇಳುವ ವಾಡಿಕೆಯಿದೆ. ಗೇಜಿನ ಸಂಖ್ಯೆ ಹೆಚ್ಚಿದಂತೆ ದಪ್ಪ ಕಡಿಮೆಯಾಗುತ್ತದೆ: ಬ್ರಿಟಿಷ್ ಎಸ್‌ಡಬ್ಲ್ಯುಜಿ ಕ್ರಮದಲ್ಲಿ 8 ಗೇಜ್ ಎಂದರೆ 4.06 ಮಿ.ಮೀ., 10 ಗೇಜ್ ಎಂದರೆ 3.25 ಮಿ.ಮೀ., 12 ಗೇಜ್ ಎಂದರೆ 2.64 ಮಿ.ಮೀ. ಖರೀದಿಯಲ್ಲಿ ಮಿಲಿಮೀಟರ್ ಲೆಕ್ಕವನ್ನು ಕೇಳುವುದು ಮತ್ತು ತೂಕದಿಂದ ಪರೀಕ್ಷಿಸುವುದು ಕ್ಷೇಮಕರ. 8 ಅಡಿ × 4 ಅಡಿಯ 3 ಮಿ.ಮೀ. ಸಾದಾ ತಗಡು ಸುಮಾರು 70 ಕಿ.ಗ್ರಾಂ, 4 ಮಿ.ಮೀ. ತಗಡು ಸುಮಾರು 93 ಕಿ.ಗ್ರಾಂ ತೂಗಬೇಕು.

### ಪ್ಲೈವುಡ್

ಹಗುರ ಸರಕಿನ ಸಣ್ಣ ಟ್ರೇಲರುಗಳಿಗೆ ಪ್ಲೈವುಡ್ ಬಳಸಬಹುದು. ಮನೆಯ ಒಳಗಿನ ಪೀಠೋಪಕರಣಕ್ಕೆ ಬಳಸುವ ಸಾಮಾನ್ಯ ಪ್ಲೈವುಡ್ ಮಳೆಗೆ ಪದರ ಬಿಚ್ಚುತ್ತದೆ. ನೀರು ತಾಳುವ ಐಎಸ್ 710ರ ಮೆರೈನ್ ಪ್ಲೈವುಡ್ ಅಥವಾ ಕಾಂಕ್ರೀಟ್ ಸೆಂಟ್ರಿಂಗ್‌ಗೆ ಬಳಸುವ ಐಎಸ್ 4990ರ ಪ್ಲೈವುಡ್ ಯೋಗ್ಯ. ಇವುಗಳಲ್ಲಿಯೂ ನೀರು ಒಳಹೋಗುವುದು ಕತ್ತರಿಸಿದ ಅಂಚು ಮತ್ತು ಬೋಲ್ಟಿನ ರಂಧ್ರಗಳ ಮೂಲಕ. ಅವುಗಳಿಗೆ ಬಣ್ಣ ಅಥವಾ ಅಂಟುಲೇಪ ಕೊಟ್ಟೇ ಜೋಡಿಸಬೇಕು. ಸೆಂಟ್ರಿಂಗ್ ಪ್ಲೈವುಡ್ಡಿನ ನುಣುಪು ಲೇಪವು ಒದ್ದೆಯಾದಾಗ ಕಾಲು ಜಾರಿಸುತ್ತದೆ.

### ಇತರ ವಸ್ತುಗಳು

ಅಲ್ಯೂಮಿನಿಯಂ ತಗಡು ಅಷ್ಟೇ ದಪ್ಪದ ಉಕ್ಕಿನ ಸುಮಾರು ಮೂರನೆಯ ಒಂದು ಭಾಗ ತೂಗುತ್ತದೆ ಮತ್ತು ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಬೆಲೆ ಹೆಚ್ಚು. ಉಕ್ಕಿನ ಚೌಕಟ್ಟಿಗೆ ನೇರವಾಗಿ ತಾಗಿ ತೇವವಾಗಿದ್ದರೆ ಸಂಪರ್ಕದ ಜಾಗದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ರಬ್ಬರ್ ಪಟ್ಟಿ ಇಡಬೇಕಾಗುತ್ತದೆ. ಪ್ಲಾಸ್ಟಿಕ್ ಮತ್ತು ಮರದ ಪುಡಿ ಬೆರೆಸಿದ ಹಲಗೆಗಳು ಬೇಸಿಗೆಯ ಶಾಖಕ್ಕೆ ಮೆದುವಾಗಿ ಜಗ್ಗುವುದರಿಂದ ಭಾರದ ತಳಕ್ಕೆ ಸೂಕ್ತವಲ್ಲ.

## ತೂಕದ ಹೋಲಿಕೆ

‘ಮರ ಹಗುರ, ಉಕ್ಕು ಭಾರ’ ಎಂಬ ಸಾಮಾನ್ಯ ತಿಳಿವಳಿಕೆ ತಳಹಾಸಿನ ಮಟ್ಟಿಗೆ ಪೂರ್ಣ ಸರಿಯಲ್ಲ. ಮರಕ್ಕೆ ಹೆಚ್ಚು ದಪ್ಪ ಬೇಕಾಗುವುದರಿಂದ ಒಟ್ಟು ತೂಕ ಸಮೀಪಕ್ಕೆ ಬರುತ್ತದೆ. 3 × 1.8 ಮೀಟರ್, ಅಂದರೆ 5.4 ಚದರ ಮೀಟರ್ ತಳಕ್ಕೆ ಅಂದಾಜು ತೂಕ ಹೀಗಿದೆ:

| ವಸ್ತು | ದಪ್ಪ (ಮಿ.ಮೀ.) | ಚ.ಮೀ.ಗೆ ತೂಕ (ಕಿ.ಗ್ರಾಂ) | ಒಟ್ಟು (ಕಿ.ಗ್ರಾಂ) |
|---|---|---|---|
| ಉಕ್ಕಿನ ತಗಡು | 3 | 23.6 | 127 |
| ಉಕ್ಕಿನ ತಗಡು | 4 | 31.4 | 170 |
| ಉಕ್ಕಿನ ತಗಡು | 5 | 39.3 | 212 |
| ಸಾಗವಾನಿ ಹಲಗೆ | 38 | 25 | 133 |
| ಮತ್ತಿ ಹಲಗೆ | 38 | 32 | 174 |
| ಪ್ಲೈವುಡ್ | 18 | 12 | 65 |
| ಅಲ್ಯೂಮಿನಿಯಂ ತಗಡು | 4 | 10.8 | 58 |

ಮರದ ತೂಕವು ಅದರ ತೇವದೊಂದಿಗೆ ಬದಲಾಗುತ್ತದೆ. ಒಟ್ಟು ಭಾರಮಿತಿ ನಿಗದಿಯಾಗಿರುವುದರಿಂದ ತಳಹಾಸಿನಲ್ಲಿ ಹೆಚ್ಚಿದ ಪ್ರತಿ ಕಿಲೋಗ್ರಾಂ ಸರಕಿನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ.

## ಅಡ್ಡಪಟ್ಟಿಗಳ ಅಂತರ

ತಳಹಾಸು ಜಗ್ಗಿದಾಗ ದಪ್ಪ ತಗಡು ಹಾಕಿಸುವುದೇ ಪರಿಹಾರವೆಂದು ಭಾವಿಸಲಾಗುತ್ತದೆ. ವಾಸ್ತವದಲ್ಲಿ ಕೆಳಗಿನ ಅಡ್ಡಪಟ್ಟಿಗಳ ಅಂತರವು ದಪ್ಪದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಪರಿಣಾಮ ಬೀರುತ್ತದೆ. ತಗಡಿನ ಬಾಗುವಿಕೆಯನ್ನು ತಡೆಯುವ ಬಲವು ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಸಮನಾಗಿ ಹರಡಿದ ಭಾರದಿಂದ ಉಂಟಾಗುವ ಬಾಗಿಸುವ ಒತ್ತಡವು ಅಂತರದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಅಂತರ ಅರ್ಧವಾದರೆ ಒತ್ತಡ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಉದಾಹರಣೆಗೆ, 3 ಮೀಟರ್ ಉದ್ದದ ತಳಕ್ಕೆ 60 ಸೆಂ.ಮೀ.ಗೊಂದರಂತೆ ಅಡ್ಡಪಟ್ಟಿಗಳಿವೆ ಎಂದುಕೊಳ್ಳಬಹುದು. ತಗಡನ್ನು 3ರಿಂದ 4 ಮಿ.ಮೀ.ಗೆ ಏರಿಸಿದರೆ ತೂಕ 42 ಕಿ.ಗ್ರಾಂ ಹೆಚ್ಚಿ, ಬಲವು ಸುಮಾರು 1.8 ಪಟ್ಟಾಗುತ್ತದೆ. ಅದರ ಬದಲು 3 ಮಿ.ಮೀ. ತಗಡನ್ನೇ ಉಳಿಸಿಕೊಂಡು ಪ್ರತಿ ಎರಡು ಪಟ್ಟಿಗಳ ನಡುವೆ 50 × 50 × 6 ಮಿ.ಮೀ. ಅಳತೆಯ ಇನ್ನೊಂದು ಆ್ಯಂಗಲ್ ಕೂಡಿಸಿದರೆ, ಒಟ್ಟು ಐದು ಆ್ಯಂಗಲ್‌ಗಳ ತೂಕ ಸುಮಾರು 40 ಕಿ.ಗ್ರಾಂ. ಆಗ ಅಂತರ 30 ಸೆಂ.ಮೀ.ಗೆ ಇಳಿದು, ಸಮನಾದ ಭಾರಕ್ಕೆ ತಗಡಿನ ಬಲವು ನಾಲ್ಕು ಪಟ್ಟಾಗುತ್ತದೆ. ಹೆಚ್ಚುಕಡಿಮೆ ಅದೇ ಉಕ್ಕಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚಿನ ಪ್ರಯೋಜನ ದೊರೆತಂತಾಯಿತು. ಆದರೆ ಕಲ್ಲಿನ ಪೆಟ್ಟು ಮತ್ತು ತುಕ್ಕಿನ ಸವೆತಕ್ಕೆ ದಪ್ಪವೇ ರಕ್ಷಣೆ. ಕಲ್ಲು ಸಾಗಿಸುವ ಟ್ರೇಲರಿಗೆ ಎರಡೂ ಬೇಕಾಗುತ್ತವೆ.

## ಜೋಡಣೆ ಮತ್ತು ನೀರಿನ ಹರಿವು

ತಳಹಾಸು ಹಾಳಾಗುವುದು ಸಾಮಾನ್ಯವಾಗಿ ಮೇಲಿನಿಂದಲ್ಲ, ಕಣ್ಣಿಗೆ ಬೀಳದ ಕೆಳಭಾಗದಿಂದ. ತಗಡು ಮತ್ತು ಆ್ಯಂಗಲ್ ಕೂಡುವ ಸಂದಿಯಲ್ಲಿ ನೀರು ನಿಂತು ತುಕ್ಕು ಆರಂಭವಾಗುತ್ತದೆ. ಜೋಡಿಸುವ ಮೊದಲೇ ಎರಡೂ ಮೈಗಳಿಗೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ವೆಲ್ಡಿಂಗ್ ಬರುವ ಜಾಗವನ್ನು ಮಾತ್ರ ಬಿಟ್ಟು, ಕೆಲಸ ಮುಗಿದ ಮೇಲೆ ಅಲ್ಲಿಯೂ ಹಚ್ಚಬೇಕು. ತೆಳು ತಗಡಿಗೆ ಒಂದೇ ಸಮನೆ ಉದ್ದ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ಅದು ಅಲೆಯಾಗುತ್ತದೆ. ತುಂಡುತುಂಡಾಗಿ, ಎದುರುಬದುರು ಜಾಗಗಳಲ್ಲಿ ವೆಲ್ಡ್ ಮಾಡುವುದು ಕ್ರಮ. ನಾಲ್ಕು ಮೂಲೆಗಳಲ್ಲಿ ನೀರಿಳಿಯುವ ರಂಧ್ರಗಳಿರಬೇಕು. ಸತುವಿನ ಲೇಪವಿರುವ ತಗಡನ್ನು ವೆಲ್ಡ್ ಮಾಡುವಾಗ ಏಳುವ ಹೊಗೆ ಆರೋಗ್ಯಕ್ಕೆ ಹಾನಿಕರ. ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು.

ಮರದ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿಯುಂಟು. ಅದು ನೀರನ್ನು ಸ್ವಲ್ಪ ಮಟ್ಟಿಗೆ ತಡೆದರೂ ಮೆಣಸಿನಕಾಯಿ, ಕಾಳುಗಳಂತಹ ಆಹಾರ ಪದಾರ್ಥಗಳಿಗೆ ವಾಸನೆ ಮತ್ತು ಮಲಿನತೆಯನ್ನು ಅಂಟಿಸುತ್ತದೆ. ಆರ್ಸೆನಿಕ್ ಇರುವ ಮರಸಂರಕ್ಷಕಗಳೂ ಇದೇ ಕಾರಣಕ್ಕೆ ವರ್ಜ್ಯ. ಕಾಯಿಸಿದ ಅಗಸೆ ಎಣ್ಣೆಯನ್ನು ಹಚ್ಚಿ ಪೂರ್ತಿ ಒಣಗಲು ಬಿಡುವುದು ಇವೆರಡಕ್ಕಿಂತ ಲೇಸು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಅದನ್ನು ಹರವಿ ಒಣಗಿಸಬೇಕು.

## ಜೋಡಿ ತಳಹಾಸು

ಒಂದೇ ಟ್ರೇಲರು ಸುಗ್ಗಿಯಲ್ಲಿ ಮೆಣಸಿನಕಾಯಿಯನ್ನೂ ಉಳಿದ ದಿನಗಳಲ್ಲಿ ಗೊಬ್ಬರ, ಮರಳನ್ನೂ ಹೊರಬೇಕಾದಾಗ ಎರಡು ಪದರಗಳ ವ್ಯವಸ್ಥೆ ಉಪಯುಕ್ತವಾಗುತ್ತದೆ. ಉಕ್ಕಿನ ತಗಡು ಖಾಯಂ ತಳವಾಗಿರುತ್ತದೆ. ಚೀಲದ ಸರಕು ಹೇರುವಾಗ ಅದರ ಮೇಲೆ ಎತ್ತಿಡಬಹುದಾದ ಮರದ ಪಟ್ಟಿಗಳ ಚೌಕಟ್ಟನ್ನು ಹಾಸಲಾಗುತ್ತದೆ. ಚೀಲ ಮತ್ತು ತಗಡಿನ ನಡುವೆ ಗಾಳಿಯಾಡುವುದರಿಂದ ಇಬ್ಬನಿಯ ನೀರು ಚೀಲವನ್ನು ಮುಟ್ಟುವುದಿಲ್ಲ. ಈ ಚೌಕಟ್ಟನ್ನು ಇಬ್ಬರು ಎತ್ತಬಲ್ಲಷ್ಟು ತುಂಡುಗಳಾಗಿ ಮಾಡಿಸಿ, ಸಾಗಣೆಯ ವೇಳೆ ಸರಿದಾಡದಂತೆ ಕೊಂಡಿಗಳಿಂದ ಬಿಗಿಯುವುದು ಅವಶ್ಯ. ಗೊಬ್ಬರ ಅಥವಾ ಕೀಟನಾಶಕ ಹೇರಿದ ತಳವನ್ನು ತೊಳೆದು ಒಣಗಿಸದೆ ಆಹಾರ ಪದಾರ್ಥ ಹೇರಬಾರದು.

## ಪರಿಶೀಲನೆ ಮತ್ತು ಸುರಕ್ಷತೆ

ತಳಹಾಸು ಸರಕಿಗೆ ಮಾತ್ರವಲ್ಲ, ಹೇರುವ ಮತ್ತು ಇಳಿಸುವ ಕೂಲಿಕಾರರ ಕಾಲಿಗೂ ಆಧಾರ. ಬೆನ್ನ ಮೇಲೆ ಚೀಲ ಹೊತ್ತವನಿಗೆ ಕಾಲ ಕೆಳಗಿನ ಕೊಳೆತ ಹಲಗೆ ಕಾಣಿಸುವುದಿಲ್ಲ. ಮಳೆಗಾಲದ ಮುಂಚೆ ಮತ್ತು ಸುಗ್ಗಿಯ ಮುಂಚೆ, ವರ್ಷಕ್ಕೆ ಎರಡು ಬಾರಿಯಾದರೂ ಪರೀಕ್ಷಿಸುವುದು ಒಳ್ಳೆಯದು:

* ಹಲಗೆಯ ತುದಿ ಮತ್ತು ಬೋಲ್ಟಿನ ಸುತ್ತ ಚೂಪಾದ ಮೊಳೆಯಿಂದ ಒತ್ತಿದಾಗ ಅದು ಸಲೀಸಾಗಿ ಒಳಹೋದರೆ ಆ ಹಲಗೆಯನ್ನು ಬದಲಿಸಬೇಕು.
* ತಗಡನ್ನು ಕೆಳಗಿನಿಂದ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ನಾದದ ಬದಲು ಮಂಕು ಸದ್ದು ಬಂದು ಪೊರೆ ಉದುರಿದರೆ ಅಲ್ಲಿ ತುಕ್ಕು ತಿಂದಿದೆ ಎಂದರ್ಥ.
* ಅಡ್ಡಪಟ್ಟಿಗಳ ವೆಲ್ಡಿಂಗ್‌ನಲ್ಲಿ ಬಿರುಕು ಕಂಡರೆ ತಳಹಾಸು ಬದಲಿಸುವುದಕ್ಕಿಂತ ಮೊದಲು ಅದನ್ನು ಸರಿಪಡಿಸಬೇಕು.
* ತುಕ್ಕು ಹಿಡಿದ ತಗಡಿನ ಮೇಲೆ ಹೊಸ ತಗಡನ್ನು ಹೊದಿಸಿ ವೆಲ್ಡ್ ಮಾಡುವುದು ತಾತ್ಕಾಲಿಕ ಉಪಾಯ. ನಡುವೆ ಸಿಕ್ಕಿಕೊಂಡ ತೇವವು ಎರಡನ್ನೂ ತಿನ್ನುತ್ತದೆ.

ಮೋಟಾರು ವಾಹನಗಳ ಅಧಿನಿಯಮ, 1988ರ 2ನೆಯ ಪ್ರಕರಣವು ಟ್ರೇಲರನ್ನು ಮೋಟಾರು ವಾಹನದಿಂದ ಎಳೆಯಲ್ಪಡುವ ವಾಹನವೆಂದು ವ್ಯಾಖ್ಯಾನಿಸುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಬಳಸುವ ಟ್ರೇಲರಿಗೆ ನೋಂದಣಿ ಅಗತ್ಯ. ಊರಿನಲ್ಲಿ ಕಟ್ಟಿಸುವ ಟ್ರೇಲರಿನ ನೋಂದಣಿಯ ನಿಯಮಗಳನ್ನು ಕೆಲಸಕ್ಕೆ ಕೈಹಾಕುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಿಳಿದುಕೊಳ್ಳುವುದು ಉಚಿತ. ತಳಹಾಸು ಎಷ್ಟೇ ಗಟ್ಟಿಯಾಗಿದ್ದರೂ ನೋಂದಣಿ ಪತ್ರದಲ್ಲಿ ನಮೂದಿಸಿದ ಭಾರಮಿತಿ ಅದರಿಂದ ಹೆಚ್ಚುವುದಿಲ್ಲ. ಆ ಮಿತಿಯು ಅಚ್ಚು, ಟೈರು ಮತ್ತು ಚೌಕಟ್ಟುಗಳನ್ನೂ ಅವಲಂಬಿಸಿದೆ. ಹಾಗೆಯೇ ಗಟ್ಟಿ ತಳವು ಸರಕಿನ ಟ್ರೇಲರನ್ನು ಜನರ ವಾಹನವನ್ನಾಗಿ ಮಾಡುವುದಿಲ್ಲ. ಜಾತ್ರೆ, ಮದುವೆ ಮತ್ತು ಕೂಲಿಯ ಕೆಲಸಕ್ಕೆ ಜನರನ್ನು ಟ್ರೇಲರಿನಲ್ಲಿ ಕೂರಿಸಿ ಒಯ್ಯುವುದು ಅಪಾಯಕಾರಿ. ಟ್ರೇಲರು ಮಗುಚಿದಾಗ ಅವರಿಗೆ ಯಾವ ರಕ್ಷಣೆಯೂ ಇರುವುದಿಲ್ಲ.

## ಆಯ್ಕೆಯ ಸಾರಾಂಶ

* ಹೆಚ್ಚಾಗಿ ಮೆಣಸಿನಕಾಯಿ, ಬೀಜ, ಹತ್ತಿ: ಸಾಗವಾನಿ ಅಥವಾ ಮತ್ತಿ ಹಲಗೆ, ಸಣ್ಣ ಟ್ರೇಲರಿಗೆ ಅಂಚು ಮುಚ್ಚಿದ ಮೆರೈನ್ ಪ್ಲೈವುಡ್.
* ಹೆಚ್ಚಾಗಿ ಬಿಡಿ ಕಾಳು: ನೀರಿಳಿಯುವ ವ್ಯವಸ್ಥೆಯುಳ್ಳ ಉಕ್ಕಿನ ತಗಡು, ಮೇಲೆ ತಾಡಪತ್ರಿ.
* ಮರಳು, ಕಲ್ಲು, ತಳವೆತ್ತಿ ಸುರಿಯುವ ಟ್ರೇಲರು: 4–5 ಮಿ.ಮೀ. ಸಾದಾ ತಗಡು, ಹತ್ತಿರದ ಅಡ್ಡಪಟ್ಟಿಗಳು.
* ಎಲ್ಲ ಬಗೆಯ ಸರಕು: ಉಕ್ಕಿನ ತಳ ಮತ್ತು ಎತ್ತಿಡಬಹುದಾದ ಮರದ ಚೌಕಟ್ಟು.

## ಇವನ್ನೂ ನೋಡಿ

* ಎತ್ತಿನ ಗಾಡಿ
* ಟ್ರ್ಯಾಕ್ಟರ್
* ಬ್ಯಾಡಗಿ ಮೆಣಸಿನಕಾಯಿ
* ಹಾವೇರಿ ಜಿಲ್ಲೆ